ಹ್ಯಾರಿ ಮ್ಯಾಲಿನ್ ‘ಒಂದೂ ಸೋಲದವನು’ ಎಂದು ಬರೆಯಬಹುದೇ? 1924ರ ಪ್ಯಾರಿಸ್ ಕ್ವಾರ್ಟರ್‌ಫೈನಲ್‌ನ ಲೆಕ್ಕ

ಅಂಕಪಟ್ಟಿ
ನಾನು ಬರೆಯುತ್ತಿರುವ ಹಳೆಯ ಒಲಿಂಪಿಕ್ ಬಾಕ್ಸರ್‌ಗಳ ಕನ್ನಡ ಪರಿಚಯಗಳಲ್ಲಿ ಹ್ಯಾರಿ ಮ್ಯಾಲಿನ್ ಅವರದ್ದು ಒಂದು ಸಾಲಿಗಾಗಿ ನಿಂತಿದೆ. 1892ರಲ್ಲಿ ಲಂಡನ್ನಿನಲ್ಲಿ ಹುಟ್ಟು, ಪೊಲೀಸ್ ನೌಕರಿ, ಮಿಡ್ಲ್‌ವೇಟ್ ತೂಕದ ವರ್ಗ. 1920ರ ಆಂಟ್‌ವರ್ಪ್, 1924ರ ಪ್ಯಾರಿಸ್ ಎರಡರಲ್ಲೂ ಚಿನ್ನ. 1919ರಿಂದ 1923ರವರೆಗೆ ಸತತ ಐದು ವರ್ಷ ಇಂಗ್ಲೆಂಡಿನ ಎಬಿಎ (ಅಮೆಚೂರ್ ಬಾಕ್ಸಿಂಗ್ ಅಸೋಸಿಯೇಷನ್) ಪ್ರಶಸ್ತಿ. 1969ರಲ್ಲಿ ನಿಧನ. ಇಷ್ಟರ ಬಗ್ಗೆ ಯಾರದ್ದೂ ತಕರಾರಿಲ್ಲ.

ತಕರಾರು ಇರುವುದು “300ಕ್ಕೂ ಹೆಚ್ಚು ಬೌಟ್ (ಪಂದ್ಯ), ಒಂದೂ ಸೋಲಿಲ್ಲ” ಅನ್ನುವ ವಾಕ್ಯದ ಮೇಲೆ. ಪ್ಯಾರಿಸ್ಸಿನ ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾನ್ಸಿನ ರೋಜೆ ಬ್ರೂಸ್ ಗೆದ್ದರು ಎಂದು ಆ ರಾತ್ರಿ ರಿಂಗಿನಲ್ಲೇ ಹೇಳಿಯಾಗಿತ್ತು. ಬ್ರೂಸ್ ಕಚ್ಚಿದ್ದರೆಂಬ ಕಾರಣಕ್ಕೆ ಅದು ತಿರುಗಿದ್ದು ಮರುದಿನ. ಹಾಗಾದರೆ ಒಂದು ರಾತ್ರಿಯ ಮಟ್ಟಿಗಾದರೂ ಅವರು ಸೋತಿದ್ದರು ತಾನೇ? ದಾಖಲೆಯಲ್ಲಿ ಹೇಗೆ ಬರೆಯೋದು?

ಹಳೇಪೇಪರ್
ಬೌಟ್‌ನ ಫಲಿತಾಂಶ ಅಂದರೆ ಕೊನೆಗೆ ಉಳಿದದ್ದು. ಬ್ರೂಸ್ ಅನರ್ಹರಾದರು, ಮ್ಯಾಲಿನ್ ಗೆದ್ದರು. ಪುಸ್ತಕದಲ್ಲಿ ಬರೋದು ಅಷ್ಟೇ. ರಿಂಗಿನಲ್ಲಿ ಕೂಗಿದ್ದು ಘೋಷಣೆ, ಜ್ಯೂರಿ ಬರೆದದ್ದು ಫಲಿತಾಂಶ.

ನನ್ನ ಅನುಮಾನ 300ರ ಮೇಲಿದೆ. ಅದು ಎಲ್ಲರೂ ಹೇಳುವ ಸಂಖ್ಯೆ, ಆದರೆ ದಿನಾಂಕ, ಎದುರಾಳಿ, ಫಲಿತಾಂಶ ಎಂದು ಸಾಲು ಸಾಲಾಗಿ ಇಟ್ಟ ಪಟ್ಟಿಯಿಂದ ಎಣಿಸಿ ತೆಗೆದ ಸಂಖ್ಯೆ ಅಲ್ಲ. ಆ ಕಾಲದ ಅಮೆಚೂರ್ (ದುಡ್ಡಿಗಾಗಿ ಆಡದ) ಬಾಕ್ಸಿಂಗ್‌ನಲ್ಲಿ ಕ್ಲಬ್ ರಾತ್ರಿಗಳು, ಪೊಲೀಸ್ ಪಂದ್ಯಾವಳಿಗಳು, ಎರಡು ಕ್ಲಬ್‌ಗಳ ನಡುವಿನ ಮೇಲಾಟಗಳು ಬೇಕಾದಷ್ಟು. ಇವುಗಳಲ್ಲಿ ಬಹುಪಾಲು ಪತ್ರಿಕೆಗೆ ಬಂದದ್ದೇ ಇಲ್ಲ. ಹಾಗಾಗಿ “300ಕ್ಕೂ ಹೆಚ್ಚು ಬೌಟ್‌ಗಳಲ್ಲಿ ಸೋಲಿಲ್ಲ ಎಂಬ ಖ್ಯಾತಿ” ಅಂತ ಬರೆಯಿರಿ. ‘ಎಂಬ ಖ್ಯಾತಿ’ ಅನ್ನೋ ಎರಡು ಪದ ಸೇರಿಸಿದರೆ ಸುಳ್ಳೂ ಆಗಲ್ಲ, ಜಿಪುಣತನವೂ ಆಗಲ್ಲ.

ಸೌತ್‌ಪಾ_72
300 ಅಂದ ಕೂಡಲೇ ವೃತ್ತಿಪರ ಬಾಕ್ಸಿಂಗ್ ನೋಡಿ ಬೆಳೆದವರಿಗೆ ನಂಬಿಕೆ ಬರೋದಿಲ್ಲ. ವೃತ್ತಿಪರನ ದಾಖಲೆಯಲ್ಲಿ 40-50 ಬೌಟ್ ಇದ್ದರೆ ಇವತ್ತು ದೊಡ್ಡದು. ಅಮೆಚೂರ್‌ನಲ್ಲಿ ಇರೋದು ಮೂರೇ ರೌಂಡ್, ಒಂದು ವಾರದಲ್ಲಿ ಎರಡು ಸಲ ಇಳಿಯಬಹುದು, ಟೂರ್ನಿ ಇದ್ದರೆ ಒಂದೇ ದಿನ ಎರಡು ಬೌಟ್ ಬರಬಹುದು. ಹತ್ತು ವರ್ಷ ಚಟುವಟಿಕೆಯಿಂದ ಇದ್ದವನಿಗೆ ವರ್ಷಕ್ಕೆ 30ರ ಲೆಕ್ಕ. ಅಸಾಧ್ಯವೇನಲ್ಲ.

ಸಂಖ್ಯೆಗಿಂತ ‘ಸೋಲಿಲ್ಲ’ ಅನ್ನೋದೇ ನಂಬಲು ಕಷ್ಟವಾದ ಮಾತು. ಮೂರು ರೌಂಡಿನ ಬೌಟ್‌ನಲ್ಲಿ ಒಂದು ರೌಂಡ್ ಕೈಬಿಟ್ಟರೆ ಮೂರನೇ ಒಂದು ಪಾಲು ಹೋಯಿತು, ಸರಿಪಡಿಸಲು ಸಮಯವಿಲ್ಲ. ಹನ್ನೆರಡು ರೌಂಡಿನವನು ನಿಧಾನವಾಗಿ ಬಿಸಿಯಾಗಬಹುದು, ಅಮೆಚೂರ್ ಗಂಟೆ ಹೊಡೆದಾಗಲೇ ಬಿಸಿಯಾಗಿರಬೇಕು.

ಹುಬ್ಬಳ್ಳಿ_ರಿಂಗ್‌ಸೈಡ್
ಅಲ್ರೀ, ಕಚ್ಚಿದ ಕಥಿ ಯಾರೂ ಪೂರಾ ಹೇಳವಲ್ರಿ. ಬ್ರೂಸ್ ಕಚ್ಚಿದಾ, ಮ್ಯಾಲಿನ್ ದೂರು ಕೊಟ್ಟಾ, ಗೆದ್ದಾ ಅಂತ ಎಲ್ಲಾ ಕಡೆ ಬರೀತಾರ. ಮ್ಯಾಲಿನ್ ದೂರು ಕೊಟ್ಟದ್ದು ಖರೇ ಏನ್ರಿ?

ಹಳೇಪೇಪರ್
ಒಳ್ಳೆ ಪ್ರಶ್ನೆ ಕೇಳಿದಿರಿ. ಅಲ್ಲೇ ಎಲ್ಲರೂ ಎಡವೋದು. ಕ್ರಮವಾಗಿ ಹೇಳ್ತೀನಿ.

ಜಾಗ: ಪ್ಯಾರಿಸ್ಸಿನ ವೆಲೋಡ್ರೋಮ್ ದಿವೇರ್, ಸೈಕಲ್ ಓಟಕ್ಕೆ ಕಟ್ಟಿದ ಮುಚ್ಚಿದ ಅಂಗಳ. (1942ರ ಜುಲೈನಲ್ಲಿ ಯಹೂದಿಗಳನ್ನು ಹಿಡಿದು ತಂದು ಕೂಡಿಹಾಕಿದ್ದು ಇದೇ ಕಟ್ಟಡದಲ್ಲಿ. ಆ ಹೆಸರು ಫ್ರಾನ್ಸಿನಲ್ಲಿ ಇವತ್ತು ಕ್ರೀಡೆಯ ನೆನಪು ತರೋದಿಲ್ಲ.) ಕಾಲ: 1924ರ ಜುಲೈ.

ಬ್ರೂಸ್ ಮೇಲೆ ಮೊದಲು ಕೂಗಿದವರು ಮ್ಯಾಲಿನ್ ಅಲ್ಲ. ಹಿಂದಿನ ಬೌಟ್‌ನಲ್ಲಿ ಸೋತ ಅರ್ಜೆಂಟೀನಾದ ಮನುಯೆಲ್ ಗಯಾರ್ಡೊ ಕೂಡ ‘ನನಗೂ ಕಚ್ಚಿದ್ದಾನೆ’ ಅಂದಿದ್ದರು. ಆಗ ಯಾರೂ ಕಿವಿಗೊಡಲಿಲ್ಲ.

ಕ್ವಾರ್ಟರ್‌ಫೈನಲ್ ಮುಗಿದ ಗಂಟೆ ಹೊಡೆದ ಮೇಲೆ ಮ್ಯಾಲಿನ್ ಎದೆಯ ಮೇಲಿದ್ದ ಹಲ್ಲಿನ ಗುರುತು ತೋರಿಸಲು ಹೋದರು. ರೆಫರಿ ನೋಡಲಿಲ್ಲ. 2-1ರಲ್ಲಿ (ಮೂರು ಮತಗಳಲ್ಲಿ ಎರಡು) ಬ್ರೂಸ್ ಗೆದ್ದರು ಎಂದು ಘೋಷಣೆಯಾಯಿತು. ಮ್ಯಾಲಿನ್ ಕಡೆಯಿಂದ ಅಧಿಕೃತ ದೂರು ಹೋಗಲೇ ಇಲ್ಲ. ದೂರು ಕೊಟ್ಟವರು ಸ್ವೀಡನ್ನಿನ ಅಧಿಕಾರಿ ಓಸ್ಕರ್ ಸೋಡರ್‌ಲುಂಡ್. ಅವರು ಜ್ಯೂರಿಯ ಮುಂದೆ ವಿಷಯ ಇಟ್ಟರು, ಮರುದಿನ ವಿಚಾರಣೆ ನಡೆಯಿತು, ಮೈ ಪರೀಕ್ಷೆಯಲ್ಲಿ ಗುರುತುಗಳು ಕಂಡವು, ಬ್ರೂಸ್ ಅನರ್ಹರಾದರು.

ಇನ್ನೊಂದು ವಿಚಿತ್ರ. ಕಚ್ಚಿದ್ದು ಬೇಕೆಂದೇ ಅಲ್ಲ ಅಂತ ಜ್ಯೂರಿ ಒಪ್ಪಿಕೊಂಡಿತು. ಪಂಚ್ ಬಿಡುವಾಗ ದವಡೆ ಕಚಕ್ಕನೆ ಕಚ್ಚಿಕೊಳ್ಳುವ ಅಭ್ಯಾಸ ಬ್ರೂಸ್‌ಗೆ ಇದೆ ಎಂಬ ವಿವರಣೆ ಬಂತು. ಆದರೂ ಅನರ್ಹತೆ ಉಳಿಯಿತು.

ಅಂಕಪಟ್ಟಿ
ಹಾಗಾದರೆ “ಮ್ಯಾಲಿನ್ ಪ್ರತಿಭಟಿಸಿದರು” ಅನ್ನೋ ಸಾಲು ತೆಗೆದೆ. “ಸ್ವೀಡನ್ನಿನ ಅಧಿಕಾರಿಯ ದೂರಿನ ಮೇಲೆ” ಎಂದು ಹಾಕಿದೆ.

ಮೂರನೇ_ರೌಂಡ್
ಟೈಸನ್-ಹೋಲಿಫೀಲ್ಡ್ 1997ರ ಹಾಗೇ ಅಲ್ವಾ? ಒಂದು ಹೋಲಿಕೆ ಹಾಕಿದರೆ ಓದುಗರಿಗೆ ಸುಲಭ.

ಸೌತ್‌ಪಾ_72
ದಯವಿಟ್ಟು ಬೇಡ. ಲಾಸ್ ವೇಗಾಸ್‌ನಲ್ಲಿ ಕಿವಿ ಕಚ್ಚಿದ್ದು ಕ್ಯಾಮೆರಾ ಮುಂದೆ. ರೆಫರಿ ಮಿಲ್ಸ್ ಲೇನ್ ಮೊದಲ ಸಲ ಎರಡು ಅಂಕ ಕಳೆದರು, ಇನ್ನೊಂದು ಸಲ ಕಚ್ಚಿದ್ದಕ್ಕೆ ಮೂರನೇ ರೌಂಡ್ ಮುಗಿದಾಗ ಟೈಸನ್‌ರನ್ನು ಅನರ್ಹಗೊಳಿಸಿದರು. ಎಲ್ಲವೂ ಅಲ್ಲೇ, ಅದೇ ರಾತ್ರಿ ಮುಗಿಯಿತು. ಪ್ಯಾರಿಸ್ಸಿನಲ್ಲಿ ರೆಫರಿ ನೋಡಲಿಲ್ಲ, ತೀರ್ಪು ಹೊರಗೆ ಬಂತು, ಆಮೇಲೆ ಮೂರನೆಯವರ ದೂರಿನಿಂದ ತೀರ್ಪು ಬಿದ್ದುಹೋಯಿತು. ಟೈಸನ್ ಬೌಟ್ ಫೌಲ್‌ನ ಕಥೆ. ಮ್ಯಾಲಿನ್ ಬೌಟ್ ಮೇಲ್ಮನವಿಯ ಕಥೆ. ಎರಡನ್ನೂ ಸೇರಿಸಿದರೆ ಓದುಗನಿಗೆ ಹಲ್ಲು ಮಾತ್ರ ನೆನಪಿರುತ್ತೆ.

ಹಗ್ಗದಂಚು
ದವಡೆಯ ವಿವರಣೆಯನ್ನು ನಗಬೇಡಿ, ಅದರಲ್ಲಿ ಸ್ವಲ್ಪ ನಿಜ ಇದೆ. ಇದು ಅರ್ಥ ಆಗಬೇಕಾದರೆ ಆ ಕಾಲದ ಇಂಗ್ಲಿಷ್ ಶೈಲಿ ಗೊತ್ತಿರಬೇಕು.

ಮ್ಯಾಲಿನ್ ಬೆಳೆದ ಕಾಲದ ಇಂಗ್ಲಿಷ್ ಅಮೆಚೂರ್ ಬಾಕ್ಸಿಂಗ್‌ನ ತಳಪಾಯ ‘ಸ್ಟ್ರೇಟ್ ಲೆಫ್ಟ್’, ಎಡಗೈ ನೇರ ಹೊಡೆತ. ಇವತ್ತಿನ ಜ್ಯಾಬ್‌ನ ಅಣ್ಣ ಅನ್ನಬಹುದು, ಆದರೆ ಎರಡೂ ಒಂದೇ ಅಲ್ಲ. ಜ್ಯಾಬ್ ಹೆಚ್ಚಾಗಿ ದೂರ ಅಳೆಯಲು, ಎದುರಾಳಿಯ ಕಣ್ಣು ಮುಚ್ಚಿಸಲು, ಮುಂದಿನ ಬಲಗೈಗೆ ದಾರಿ ಮಾಡಲು. ಸ್ಟ್ರೇಟ್ ಲೆಫ್ಟ್ ಅಂದರೆ ಇಡೀ ಮೈಭಾರ ಸೇರಿಸಿ ಹೊಡೆಯುವ, ತಾನೇ ಅಂಕ ತರುವ ಹೊಡೆತ.

ಮಾಡುವ ಕ್ರಮ ಹೀಗೆ. ನಿಲುವು ಇವತ್ತಿನದಕ್ಕಿಂತ ನೆಟ್ಟಗೆ, ಬೆನ್ನು ಬಾಗದು. ಪಾದಗಳ ನಡುವೆ ಭುಜದಗಲ, ಎಡಪಾದದ ತುದಿ ಎದುರಾಳಿಯ ಕಡೆ, ಬಲ ಹಿಮ್ಮಡಿ ನೆಲದಿಂದ ಒಂದು ಬೆರಳಿನಷ್ಟು ಮೇಲೆ. ಹೊಡೆತ ಶುರುವಾಗೋದು ಕೈಯಿಂದ ಅಲ್ಲ, ಬಲಪಾದದ ತಳ್ಳಿಕೆಯಿಂದ. ಎಡಪಾದ ಅರ್ಧ ಹೆಜ್ಜೆ ಜಾರುತ್ತೆ, ಅದು ನೆಲ ಮುಟ್ಟುವ ಕ್ಷಣದಲ್ಲೇ ಮುಷ್ಟಿ ತಾಗಬೇಕು. ಪಾದ ಮೊದಲು ಕೂತು ಕೈ ಆಮೇಲೆ ಹೋದರೆ ಭಾರವೆಲ್ಲ ನೆಲದಲ್ಲೇ ಉಳಿಯಿತು, ಎದುರಾಳಿಗೆ ಬರೀ ತೋಳು ತಾಗಿತು. ಕೈ ಹೋದ ದಾರಿಯಲ್ಲೇ ವಾಪಸ್ ಬರಬೇಕು. ಬಲಗೈ ಇಡೀ ಹೊತ್ತು ಗಲ್ಲದ ಪಕ್ಕ.

ಕೆಡುವ ಜಾಗಗಳು ಮೂರು. ಮೊಣಕೈ ಹೊರಗೆ ಎದ್ದರೆ ಹೊಡೆತ ಕೊಡಲಿಯ ಹಾಗೆ ಬೀಸುತ್ತೆ, ನೇರ ಹೋಗಲ್ಲ. ವಾಪಸ್ ಬರುವಾಗ ಕೈ ಕೆಳಗೆ ಬಿದ್ದರೆ ಎದುರಾಳಿಯ ಬಲಗೈಗೆ ಬಾಗಿಲು ತೆರೆದಂತೆ. ಮೂರನೆಯದು ನಮ್ಮ ವಿಷಯಕ್ಕೆ ಬೇಕಾದದ್ದು: ಹೊಡೆತ ತಪ್ಪಿ ತೋಳು ಎದುರಾಳಿಯ ಭುಜ ದಾಟಿ ಹೋದರೆ ಇಬ್ಬರೂ ಮೈಗೆ ಮೈ ಸೇರುತ್ತಾರೆ.

ಈಗ ಎತ್ತರದವನು ನೆಟ್ಟಗೆ ನಿಂತು ಎಡಗೈ ನೀಡಿದಾಗ ಗಿಡ್ಡ ಎದುರಾಳಿ ಏನು ಮಾಡ್ತಾನೆ? ತಲೆ ತಗ್ಗಿಸಿ ತೋಳಿನ ಕೆಳಗೆ ನುಗ್ಗಿ ಹೊಟ್ಟೆಗೆ ಎರಡೂ ಕೈ ಬಿಡ್ತಾನೆ. ಆಗ ಅವನ ಮುಖ ಎಲ್ಲಿರುತ್ತೆ? ಎದೆ, ಹೆಗಲಿನ ಮಟ್ಟದಲ್ಲಿ. ಪ್ರತಿ ಹೊಡೆತಕ್ಕೂ ಹಲ್ಲು ಕಚ್ಚುವವನು ಅಲ್ಲಿದ್ದರೆ ಚರ್ಮ ಸಿಕ್ಕಿಕೊಳ್ಳೋದು ಆಶ್ಚರ್ಯವೇನಲ್ಲ. ಒಂದು ಸಲಕ್ಕೆ ಇದನ್ನು ಒಪ್ಪಬಹುದು. ಇಬ್ಬರು ಬೇರೆ ಬೇರೆ ಎದುರಾಳಿಗಳ ಮೈಮೇಲೆ ಅಂದಾಗ ನಾನು ಒಪ್ಪಲ್ಲ.

ಮಲ್ಲಕಂಬ
ಹಗ್ಗದಂಚು ಅವರೇ, ಇಲ್ಲಿ ಗಮ್‌ಶೀಲ್ಡ್ (ಹಲ್ಲಿಗೆ ಹಾಕುವ ಕವಚ) ವಿಷಯ ಬಿಟ್ಟಿರಿ. ಇವತ್ತು ಬಾಯಲ್ಲಿ ಶೀಲ್ಡ್ ಇದ್ದರೆ ದವಡೆ ಕಚ್ಚಿದರೂ ಹಲ್ಲಿನ ಅಂಚು ಚರ್ಮಕ್ಕೆ ತಾಗಲ್ಲ, ಗುರುತು ಬೀಳೋದು ಬಹಳ ಕಷ್ಟ. ಟೈಸನ್ ಕೂಡ ಶೀಲ್ಡ್ ಉಗಿದೇ ಕಚ್ಚಿದ್ದು. ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ಲಂಡನ್ನಿನ ವೃತ್ತಿಪರ ಟೆಡ್ ‘ಕಿಡ್’ ಲೂಯಿಸ್ ತರಹದವರು ಶೀಲ್ಡ್ ಹಾಕಲು ಶುರುಮಾಡಿದ್ದರು, ಆದರೆ ಅಮೆಚೂರ್‌ನಲ್ಲಿ ಅದು ಕಡ್ಡಾಯ ಆಗಲು ಇನ್ನೂ ಬಹಳ ಕಾಲ ಇತ್ತು.

ಇನ್ನೊಂದು, ಕ್ಲಿಂಚ್‌ನಿಂದ (ಇಬ್ಬರೂ ಮೈಗೆ ಮೈ ಸೇರಿ ಹಿಡಿದುಕೊಂಡಾಗ) ಬಿಡಿಸಿಕೊಳ್ಳುವ ಬಗೆ. ಎದುರಾಳಿಯ ತಲೆ ಎದೆಗೆ ಒತ್ತಿದಾಗ ಹೊಸಬರು ಎರಡೂ ಕೈಯಿಂದ ತಳ್ಳುತ್ತಾರೆ. ಅದು ತಪ್ಪು, ರೆಫರಿ ಎಚ್ಚರಿಕೆ ಕೊಡ್ತಾರೆ, ಗಾರ್ಡ್ ಕೂಡ ಹೋಯಿತು. ಎಡ ಮುಂಗೈಯನ್ನು ಅವನ ಬಲತೋಳಿನ ಒಳಗೆ ತೂರಿಸಿ, ಬಲಗೈಯಿಂದ ಅವನ ಎಡ ಮುಂಗೈ ಮೇಲೆ ಭಾರ ಬಿಟ್ಟು, ಬಲಕ್ಕೆ ಕಾಲು ಹೆಜ್ಜೆ ಸರಿಯಬೇಕು. ನೇರ ಹಿಂದಕ್ಕೆ ಹೋದರೆ ಅವನೂ ಜೊತೆಗೇ ಬರ್ತಾನೆ. ಪಕ್ಕಕ್ಕೆ ಸರಿದರೆ ಅವನ ತಲೆ ಗಾಳಿಯಲ್ಲಿ ಉಳಿಯುತ್ತೆ.

ಹಗ್ಗದಂಚು
ಶೀಲ್ಡ್ ಮಾತು ಸರಿ, ತಲೆಗೇ ಹೊಳೆದಿರಲಿಲ್ಲ. ಧನ್ಯವಾದ.

ಹುಬ್ಬಳ್ಳಿ_ರಿಂಗ್‌ಸೈಡ್
ರೆಫರಿಗೆ ಕಾಣಲಿಲ್ಲ ಅಂತೀರಿ. ಅಷ್ಟು ಹತ್ರ ನಿಂತವನಿಗೆ ಕಾಣದೇ ಇರ್ತದೇನ್ರಿ?

ಸೌತ್‌ಪಾ_72
‘ಹತ್ರ ನಿಂತವನು’ ಅನ್ನೋದು ಇವತ್ತಿನ ಚಿತ್ರ. ಇಂಗ್ಲೆಂಡಿನ ಅಮೆಚೂರ್ ಸಂಪ್ರದಾಯದಲ್ಲಿ ಬಹಳ ಕಾಲ ರೆಫರಿ ರಿಂಗಿನ ಹೊರಗೆ ಕುರ್ಚಿಯಲ್ಲಿ ಕೂತು ಬಾಯಿಮಾತಿನಲ್ಲಿ ‘ಬ್ರೇಕ್’ ಹೇಳೋದು ಪದ್ಧತಿ. ಬಾಕ್ಸರ್‌ಗಳು ಹೇಳಿದ ಕೂಡಲೇ ಬಿಡ್ತಾರೆ ಅನ್ನೋ ನಂಬಿಕೆಯ ಮೇಲೆ ಅದು ನಡೀತಿತ್ತು. ಬೇರೆ ದೇಶಗಳಲ್ಲಿ ರೆಫರಿ ಒಳಗೇ ಇದ್ದು ಕೈ ಹಾಕಿ ಬಿಡಿಸ್ತಿದ್ದರು. ಎರಡೂ ಪದ್ಧತಿಯವರು ಒಂದೇ ಟೂರ್ನಿಗೆ ಬಂದಾಗ ಯಾವುದು ಹಿಡಿತ, ಯಾವುದು ಫೌಲ್, ಎಷ್ಟು ಹೊತ್ತು ಬಿಡಬಹುದು ಎಲ್ಲದರಲ್ಲೂ ಗೊಂದಲ. ಅದೇ ಪ್ಯಾರಿಸ್ ಟೂರ್ನಿಯಲ್ಲಿ ಇಂಗ್ಲಿಷ್ ರೆಫರಿಯೊಬ್ಬರು ಇಟಲಿಯ ಜುಸೆಪ್ಪೆ ಓಲ್ಡಾನಿಯನ್ನು ಅನರ್ಹಗೊಳಿಸಿದಾಗ ಪ್ರೇಕ್ಷಕರು ಕೈಗೆ ಸಿಕ್ಕಿದ್ದನ್ನೆಲ್ಲ ರಿಂಗಿನತ್ತ ಎಸೆದರು.

ರೆಫರಿ ಒಳಗಿದ್ದರೂ ಕ್ಲಿಂಚ್‌ನಲ್ಲಿ ಅವನಿಗೆ ಒಂದು ಬದಿ ಮಾತ್ರ ಕಾಣೋದು. ಮುಖ ಇನ್ನೊಂದು ಬದಿಗಿದ್ದರೆ ಮುಗಿಯಿತು.

ಮೂರನೇ_ರೌಂಡ್
ಅಂಕ ಕೊಡುವ ಪದ್ಧತಿ ಬಗ್ಗೆ ಯಾರಾದರೂ ಹೇಳಿ. 2-1 ಅಂದರೆ ಜಡ್ಜ್‌ಗಳು ಏನು ನೋಡಿ ಕೊಟ್ಟರು?

ಹಳೇಪೇಪರ್
ಎಬಿಎ ಶುರುವಾದದ್ದು 1880ರಲ್ಲಿ. ಅದರ ಮೂಲ ನಿಯಮಗಳಲ್ಲಿ ಮೂರು ರೌಂಡ್. ಮೊದಲ ಎರಡು ರೌಂಡ್‌ಗೆ ತಲಾ 3 ನಿಮಿಷ, ಕೊನೆಯದು 4 ನಿಮಿಷ, ನಡುವೆ 1 ನಿಮಿಷ ವಿರಾಮ. ಅಂಕ ಮೊದಲ ಎರಡಕ್ಕೆ ತಲಾ ಗರಿಷ್ಠ 5, ಕೊನೆಯದಕ್ಕೆ 7. ತೀರ್ಪು ಇಬ್ಬರು ಜಡ್ಜ್‌ಗಳದು. ಅವರಿಬ್ಬರೂ ಒಪ್ಪದಿದ್ದರೆ ಮಾತ್ರ ರೆಫರಿ ಕೈಹಾಕೋದು. ಅವರಿಗೂ ತೀರ್ಮಾನಕ್ಕೆ ಬರಲು ಆಗದಿದ್ದರೆ 2 ನಿಮಿಷ ಮೀರದ ಇನ್ನೊಂದು ರೌಂಡ್.

ಈ 5-5-7 ಲೆಕ್ಕ ಇಂಗ್ಲಿಷ್ ಅಮೆಚೂರ್‌ನ ಮನಸ್ಸನ್ನೇ ರೂಪಿಸಿತು. ಕೊನೆಯ ರೌಂಡ್ ಉದ್ದವೂ ಹೌದು, ತೂಕವೂ ಹೆಚ್ಚು. ಮೊದಲ ಎರಡರಲ್ಲಿ ಎಡಗೈಯಿಂದ ಅಂಕ ಕೂಡಿಟ್ಟು ಮೂರನೆಯದರಲ್ಲಿ ನಿಂತು ಕೊಡುವವನೇ ಗೆಲ್ಲೋದು. ಮೂರನೆಯದರಲ್ಲಿ ಉಸಿರು ಬಿಟ್ಟವನು ಎಷ್ಟು ಚೆಂದ ಆಡಿದ್ದರೂ ಸೋಲ್ತಾನೆ.

ಮಲ್ಲಕಂಬ
ಕೊನೆಯ 4 ನಿಮಿಷಕ್ಕೆ ತಯಾರಿ ಬೇರೆ ಥರ. 3 ನಿಮಿಷದ ಬ್ಯಾಗ್ ಕೆಲಸ ಎಷ್ಟೇ ಮಾಡಿದರೂ ನಾಲ್ಕನೇ ನಿಮಿಷದಲ್ಲಿ ಮೊದಲು ಸಾಯೋದು ತೋಳಲ್ಲ, ಕಾಲು. ಕಾಲು ನಿಂತರೆ ಸ್ಟ್ರೇಟ್ ಲೆಫ್ಟ್ ಬರೀ ತೋಳಾಗುತ್ತೆ. ಇಂಥ ಲೆಕ್ಕಕ್ಕೆ ಅಭ್ಯಾಸ ಮಾಡಿಸೋದಾದರೆ ಕೊನೆಯ ರೌಂಡನ್ನು 5 ನಿಮಿಷ ಮಾಡಿ, ಕಡೆಯ 60 ಸೆಕೆಂಡ್ ಬರೀ ಹೆಜ್ಜೆ ಮತ್ತು ಎಡಗೈ, ಬಲಗೈ ಕಟ್ಟಿದ ಹಾಗೆ ಗಲ್ಲಕ್ಕೆ. ಕೈ ಕೆಳಗಿಳಿಯೋದು ಅಲ್ಲಿ ಗೊತ್ತಾಗುತ್ತೆ.

ಹುಬ್ಬಳ್ಳಿ_ರಿಂಗ್‌ಸೈಡ್
ತೂಕದ ಮಿತಿ ಎಷ್ಟಿತ್ರಿ? ನಮ್ಮ ವಿಜೇಂದರ್ ಸಿಂಗ್ 2008ರಾಗ ಬೀಜಿಂಗ್‌ನ್ಯಾಗ ಕಂಚು ತಂದದ್ದೂ ಮಿಡ್ಲ್‌ವೇಟ್‌ನ್ಯಾಗ ಅಲ್ಲೇನ್ರಿ?

ಸೌತ್‌ಪಾ_72
ಹೆಸರು ಒಂದೇ, ತೂಕ ಬೇರೆ. ಮ್ಯಾಲಿನ್ ಕಾಲದ ಒಲಿಂಪಿಕ್ ಮಿಡ್ಲ್‌ವೇಟ್ 160 ಪೌಂಡ್, ಅಂದರೆ 72.57 ಕೆ.ಜಿ. ಇಂಗ್ಲೆಂಡಿನವರ ಲೆಕ್ಕದಲ್ಲಿ 11 ಸ್ಟೋನ್ 6 ಪೌಂಡ್. 1952ರಲ್ಲಿ ಲೈಟ್ ಮಿಡ್ಲ್‌ವೇಟ್ ಸೇರಿಸಿ ಮಿಡ್ಲ್‌ವೇಟನ್ನು 75ಕ್ಕೆ ಏರಿಸಿದರು. ವಿಜೇಂದರ್ ಆಡಿದ್ದು 75ರಲ್ಲಿ. ಎರಡೂವರೆ ಕಿಲೋ ವ್ಯತ್ಯಾಸ ಕಡಿಮೆ ಅನ್ನಿಸಬಹುದು, ತೂಕ ಇಳಿಸಿದವರನ್ನು ಕೇಳಿ.

ಮೂರನೇ_ರೌಂಡ್
ವಿಷಯಾಂತರಕ್ಕೆ ಕ್ಷಮಿಸಿ. ಮ್ಯಾಲಿನ್‌ಗಿಂತ ಮುಂಚೆ ಮಿಡ್ಲ್‌ವೇಟ್ ಚಿನ್ನ ಗೆದ್ದವರು ಇಂಗ್ಲೆಂಡ್ ಕ್ರಿಕೆಟ್ ನಾಯಕ ಅನ್ನೋದು ನಿಜವೇ?

ಹಳೇಪೇಪರ್
ನಿಜ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜಾನಿ ಡಗ್ಲಸ್. ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಸ್ನೋಯಿ ಬೇಕರ್ ಅವರನ್ನು ಸೋಲಿಸಿದರು. ಆಮೇಲೆ 1911-12ರ ಆ್ಯಶಸ್‌ನಲ್ಲಿ ಇಂಗ್ಲೆಂಡ್ ನಾಯಕ. ಅವರ ಇನಿಷಿಯಲ್ ಜೆ.ಡಬ್ಲ್ಯು.ಎಚ್.ಟಿ. ಬ್ಯಾಟಿಂಗ್ ಎಷ್ಟು ನಿಧಾನ ಅಂದರೆ ಆಸ್ಟ್ರೇಲಿಯಾದ ಪ್ರೇಕ್ಷಕರು ಅದನ್ನು ‘ಜಾನಿ ವೋಂಟ್ ಹಿಟ್ ಟುಡೇ’ ಅಂತ ಬಿಡಿಸಿದರು: ಜಾನಿ ಇವತ್ತು ಹೊಡೆಯಲ್ಲ! ಬಾಕ್ಸಿಂಗ್ ಚಾಂಪಿಯನ್‌ಗೆ ಇಂಥ ಅಡ್ಡಹೆಸರು. ಅವರ ತಂದೆಯೇ ಫೈನಲ್‌ನ ರೆಫರಿ ಎಂಬ ಮಾತು ಓಡಾಡುತ್ತೆ, ಅದು ತಪ್ಪು. ತಂದೆ ಎಬಿಎ ಅಧ್ಯಕ್ಷರಾಗಿದ್ದರು, ಅಷ್ಟೇ.

ನಡುವೆ 1912ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಬಾಕ್ಸಿಂಗೇ ಇರಲಿಲ್ಲ, ಸ್ವೀಡನ್ನಿನ ಕಾನೂನು ಬಿಡಲಿಲ್ಲ. 1916 ಯುದ್ಧಕ್ಕೆ ಹೋಯಿತು. ಹೀಗಾಗಿ ಒಲಿಂಪಿಕ್ ಮಿಡ್ಲ್‌ವೇಟ್ ಚಿನ್ನ ಸತತ ಮೂರು ಸಲ ಇಂಗ್ಲಿಷರದ್ದು: ಡಗ್ಲಸ್, ಮ್ಯಾಲಿನ್, ಮ್ಯಾಲಿನ್. ಬಾಕ್ಸಿಂಗನ್ನು ಒಳಗೇ ಬಿಡದ ಸ್ವೀಡನ್ನಿನ ಒಬ್ಬ ಅಧಿಕಾರಿಯೇ ಹನ್ನೆರಡು ವರ್ಷದ ಮೇಲೆ ಮ್ಯಾಲಿನ್‌ರ ಎರಡನೇ ಚಿನ್ನ ಉಳಿಸಿದ್ದು ನೋಡಿ.

ಅಂಕಪಟ್ಟಿ
ಎರಡೂ ಫೈನಲ್‌ಗಳ ವಿವರ ಇಲ್ಲೇ ಖಚಿತಪಡಿಸಿ. 1920, ಆಂಟ್‌ವರ್ಪ್: ಫೈನಲ್‌ನಲ್ಲಿ ಕೆನಡಾದ ಜಾರ್ಜ್ ಪ್ರೂಡಮ್, ಕಂಚು ಕೆನಡಾದವರೇ ಆದ ಮೋ ಹರ್ಸ್ಕೊವಿಚ್. 1924: ಸೆಮಿಯಲ್ಲಿ ಬೆಲ್ಜಿಯಂನ ಜೋಸೆಫ್ ಬೀಕನ್, ಫೈನಲ್‌ನಲ್ಲಿ ತನ್ನದೇ ತಂಡದ ಜಾನ್ ಎಲಿಯಟ್.

ಹಳೇಪೇಪರ್
ಸರಿ ಇದೆ. ಬ್ರೂಸ್ ಪ್ರಸಂಗದ ಮುಂದುವರಿಕೆಯನ್ನೂ ಒಂದೆರಡು ಸಾಲಿನಲ್ಲಿ ಹಾಕಿ. ಅನರ್ಹತೆಯ ಸುದ್ದಿ ಅಂಗಳದಲ್ಲಿ ಹೇಳಿದಾಗ ಬ್ರೂಸ್ ಅತ್ತರು, ಅಭಿಮಾನಿಗಳು ಅವರನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ ಮಾಡಿದರು, ರಿಂಗಿನತ್ತ ನುಗ್ಗಿದವರನ್ನು ಪೊಲೀಸರು ತಡೆಯಬೇಕಾಯಿತು. ಉಳಿದ ಬೌಟ್‌ಗಳನ್ನು ಮ್ಯಾಲಿನ್ ಆಡಿದ್ದು ಆ ಗದ್ದಲದ ನಡುವೆ. ಲಂಡನ್ನಿನ ‘ಟೈಮ್ಸ್’ ಪತ್ರಿಕೆ ಒಲಿಂಪಿಕ್ಸ್‌ನ ಕಥೆಯೇ ಮುಗಿಯಿತು ಎಂಬ ಧಾಟಿಯಲ್ಲಿ ಬರೆಯಿತು. ಕಥೆ ಮುಗಿಯಲಿಲ್ಲ ಬಿಡಿ. ಆಗ ಅವರ ವಯಸ್ಸು 32.

ಮೂರನೇ_ರೌಂಡ್
ಇಷ್ಟು ಒಳ್ಳೆಯ ಬಾಕ್ಸರ್ ವೃತ್ತಿಪರ ಆಗಲಿಲ್ಲ ಅಂದರೆ ಹೆದರಿಕೆ ಅನ್ನಬಹುದಾ? ಆಗಿನ ವಿಶ್ವ ಚಾಂಪಿಯನ್ ಹ್ಯಾರಿ ಗ್ರೆಬ್ ಎದುರು ನಿಂತಿದ್ದರೆ ಗೊತ್ತಾಗ್ತಿತ್ತು.

ಹಗ್ಗದಂಚು
ಗ್ರೆಬ್ 1923ರಿಂದ 1926ರವರೆಗೆ ಚಾಂಪಿಯನ್. ಅವರು ಆಡ್ತಿದ್ದದ್ದು 15 ರೌಂಡ್, ಮೈಮೇಲೆ ಬಿದ್ದು, ಬಿಡುವಿಲ್ಲದೆ. ಮೂರು ರೌಂಡಿನವನನ್ನು ಅಲ್ಲಿ ಇಟ್ಟು ಅಳೆಯೋದು 100 ಮೀಟರ್ ಓಟಗಾರನನ್ನು ಮ್ಯಾರಥಾನ್‌ನಲ್ಲಿ ಓಡಿಸಿ ನಗಾಡಿದ ಹಾಗೆ. ಹೆದರಿಕೆ ಅನ್ನೋ ಮಾತು ವಾಪಸ್ ತಗೊಳ್ಳಿ.

‘ಅಮೆಚೂರ್’ಗೆ ನಾವು ‘ಹವ್ಯಾಸಿ’ ಅಂತೀವಲ್ಲ, ತೊಂದರೆ ಅಲ್ಲೇ ಶುರು. ಹವ್ಯಾಸಿ ನಾಟಕ ತಂಡ ಅನ್ನೋ ಹಾಗೆ ಕೇಳಿಸುತ್ತೆ, ಭಾನುವಾರದ ಆಟ. ಆಗಿನ ಇಂಗ್ಲೆಂಡಿನಲ್ಲಿ ಅಮೆಚೂರ್ ಅಂದರೆ ದುಡ್ಡಿನ ವಿಷಯ ಮಾತ್ರ, ಆಟದ ಮಟ್ಟದ್ದಲ್ಲ. ಗೆದ್ದವನಿಗೆ ನಗದು ಇಲ್ಲ, ವಸ್ತು ರೂಪದ ಬಹುಮಾನ. ಒಂದು ಸಲ ನಗದಿಗೆ ಆಡಿದರೆ ಎಬಿಎ ಬಾಗಿಲು ಶಾಶ್ವತ ಬಂದ್, ಒಲಿಂಪಿಕ್ಸೂ ಇಲ್ಲ.

ಮಲ್ಲಕಂಬ
ಪೊಲೀಸ್ ನೌಕರಿಯನ್ನೂ ಲೆಕ್ಕಕ್ಕೆ ತಗೊಳ್ಳಿ. ತಿಂಗಳ ಸಂಬಳ, ಮುಂದೆ ಪಿಂಚಣಿ, ಇಲಾಖೆಯೊಳಗೇ ಬಾಕ್ಸಿಂಗ್ ಸ್ಪರ್ಧೆಗಳು. ವೃತ್ತಿಪರನಾಗಬೇಕಾದರೆ ಆ ನೌಕರಿಯ ಭದ್ರತೆ ಬಿಡಬೇಕು, ಮ್ಯಾನೇಜರ್‌ಗೆ ಪಾಲು ಕೊಡಬೇಕು, ಕೈ ಮುರಿದರೆ ಆದಾಯ ಶೂನ್ಯ. 28ನೇ ವಯಸ್ಸಿಗೆ ಮೊದಲ ಚಿನ್ನ ಬಂದವನಿಗೆ ಆ ಲೆಕ್ಕ ಹೊಂದಲ್ಲ. ಯುದ್ಧದಿಂದಾಗಿ 1915ರಿಂದ 1918ರವರೆಗೆ ಎಬಿಎ ಚಾಂಪಿಯನ್‌ಷಿಪ್ಪೇ ನಡೆಯಲಿಲ್ಲ. ಅವರ 23ರಿಂದ 26ರ ವಯಸ್ಸು ಅಲ್ಲೇ ಹೋಯಿತು. ವೃತ್ತಿಪರರು ಹೆಸರು ಮಾಡೋ ವಯಸ್ಸೇ ಅದು.

ಮೂರನೇ_ರೌಂಡ್
ವಾಪಸ್ ತಗೊಂಡೆ.

ಹುಬ್ಬಳ್ಳಿ_ರಿಂಗ್‌ಸೈಡ್
ಒಂದು ಕಡೆ 1930ರಾಗ ಮ್ಯಾಲಿನ್ ಎಂಪೈರ್ ಗೇಮ್ಸ್ (ಈಗಿನ ಕಾಮನ್‌ವೆಲ್ತ್ ಗೇಮ್ಸ್) ಚಿನ್ನ ಗೆದ್ದಾ ಅಂತ ಐತ್ರಿ. 38ನೇ ವಯಸ್ಸಿಗೆ?

ಸೌತ್‌ಪಾ_72
ಅದು ತಮ್ಮ, ಫ್ರೆಡ್ ಮ್ಯಾಲಿನ್. ಈ ಗೊಂದಲ ಎಲ್ಲಾ ಪಟ್ಟಿಗಳಲ್ಲೂ ಇದೆ, ಯಾಕೆಂದರೆ ಇಬ್ಬರದ್ದೂ ಮಿಡ್ಲ್‌ವೇಟ್, ಇಬ್ಬರಿಗೂ ಸರಿಯಾಗಿ ಐದೈದು ಎಬಿಎ ಪ್ರಶಸ್ತಿ, ಅದೂ ಇಬ್ಬರದ್ದೂ ಸತತ. ವರ್ಷ ನೋಡಿದರೆ ಬಿಡಿಸಬಹುದು. 1919ರಿಂದ 1923 ಹ್ಯಾರಿ, 1928ರಿಂದ 1932 ಫ್ರೆಡ್. 1928ರ ಆಮ್ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಬಂದವರು ಫ್ರೆಡ್, ಆ ಸಲ ಚಿನ್ನ ಇಟಲಿಯ ಪಿಯೆರೊ ಟೊಸ್ಕಾನಿಗೆ. 1930ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ನಡೆದ ಮೊದಲ ಎಂಪೈರ್ ಗೇಮ್ಸ್ ಚಿನ್ನವೂ ಫ್ರೆಡ್‌ದು. ‘ಎಚ್’ ಇಲ್ಲದೆ ಬರೀ ‘ಮ್ಯಾಲಿನ್’ ಅಂತಿದ್ದರೆ 1924ರ ನಂತರದ್ದೆಲ್ಲ ಅನುಮಾನದಿಂದಲೇ ನೋಡಿ.

ಅಂಕಪಟ್ಟಿ
“ಒಲಿಂಪಿಕ್ ಬಾಕ್ಸಿಂಗ್‌ನಲ್ಲಿ ಎರಡು ಚಿನ್ನ ಗೆದ್ದ ಮೊದಲಿಗ” ಅಂತ ಬರೆದಿದ್ದೇನೆ. ಪರವಾಗಿಲ್ಲವಾ?

ಹಳೇಪೇಪರ್
ಇಲ್ಲ, ತಪ್ಪಾಗುತ್ತೆ! 1904ರ ಸೇಂಟ್ ಲೂಯಿಸ್‌ನಲ್ಲಿ ಅಮೆರಿಕದ ಆಲಿವರ್ ಕರ್ಕ್ ಒಂದೇ ಒಲಿಂಪಿಕ್ಸ್‌ನಲ್ಲಿ ಎರಡು ತೂಕಗಳಲ್ಲಿ ಎರಡು ಚಿನ್ನ ಗೆದ್ದಿದ್ದಾರೆ. ಮ್ಯಾಲಿನ್ “ಒಲಿಂಪಿಕ್ ಬಾಕ್ಸಿಂಗ್ ಪ್ರಶಸ್ತಿಯನ್ನು ಮುಂದಿನ ಒಲಿಂಪಿಕ್ಸ್‌ನಲ್ಲಿ ಉಳಿಸಿಕೊಂಡ ಮೊದಲಿಗ”. ಆ ಸಾಲಿಗೆ ಆಮೇಲೆ ಬಂದವರು ಹಂಗೇರಿಯ ಲಾಸ್ಲೊ ಪಾಪ್, 1948, 1952, 1956ರಲ್ಲಿ ಮೂರು ಚಿನ್ನ.

ಮಲ್ಲಕಂಬ
ಬ್ರಿಟನ್ನಿನಲ್ಲಿ ಆ ಸಾಲಿಗೆ ಎರಡನೆಯವರು ಬರಲು 92 ವರ್ಷ ಬೇಕಾಯಿತು. ಲೀಡ್ಸ್‌ನ ನಿಕೋಲಾ ಆಡಮ್ಸ್, 2012ರ ಲಂಡನ್, 2016ರ ರಿಯೊ, ಫ್ಲೈವೇಟ್ 51 ಕೆ.ಜಿ. ನಮ್ಮವರಿಗೆ ಆ ಹೆಸರು ಚೆನ್ನಾಗಿ ಗೊತ್ತು, ಲಂಡನ್ ಸೆಮಿಫೈನಲ್‌ನಲ್ಲಿ ಮೇರಿ ಕೋಮ್ ಅವರನ್ನು 11-6ರಿಂದ ಸೋಲಿಸಿದವರು ಅವರೇ. ಫೈನಲ್‌ನಲ್ಲಿ ಚೀನಾದ ರೆನ್ ಕನ್‌ಕನ್ ಎದುರು 16-7.

ಆ ಸೆಮಿಫೈನಲನ್ನು ಮತ್ತೆ ನೋಡಿದರೆ ಮೇಲೆ ಹಗ್ಗದಂಚು ಹೇಳಿದ ಎತ್ತರ-ಗಿಡ್ಡ ಲೆಕ್ಕವೇ ಕಾಣುತ್ತೆ. ಮೇರಿ ಕಡಿಮೆ ತೂಕದಿಂದ 51ಕ್ಕೆ ಏರಿ ಬಂದವರು, ಒಳಗೆ ನುಗ್ಗಿದರೆ ಮಾತ್ರ ಅಂಕ. ಆಡಮ್ಸ್ ಉದ್ದ ತೋಳಿನಿಂದ ಹೊಡೆದು, ಮೇರಿ ಒಳಗೆ ಕಾಲಿಡುವ ಹೊತ್ತಿಗೆ ಪಕ್ಕಕ್ಕೆ ಸರಿದಿರ್ತಿದ್ದರು. ಆಗ ಇದ್ದದ್ದು ಜಡ್ಜ್‌ಗಳು ಬಟನ್ ಒತ್ತಿ ಹೊಡೆತ ಎಣಿಸುವ ಕಂಪ್ಯೂಟರ್ ಪದ್ಧತಿ. ಅದರಲ್ಲಿ ಹೊಟ್ಟೆಗೆ ಹೊಡೆದ ಚಿಕ್ಕ ಹೊಡೆತಗಳು ಎಣಿಕೆಗೆ ಸಿಗೋದೇ ಕಷ್ಟ, ದೂರದಿಂದ ಮುಖಕ್ಕೆ ಬಿದ್ದ ನೇರ ಹೊಡೆತ ಎಲ್ಲರಿಗೂ ಕಾಣುತ್ತೆ. ರಿಯೊ ಹೊತ್ತಿಗೆ ರೌಂಡ್ ಗೆದ್ದವರಿಗೆ 10 ಅಂಕ ಕೊಡುವ ಪದ್ಧತಿ ಬಂದಿತ್ತು, ಆಡಮ್ಸ್ ಅದರಲ್ಲೂ ಗೆದ್ದರು. ಎರಡು ಬೇರೆ ಅಂಕ ಪದ್ಧತಿಗಳಲ್ಲಿ ಎರಡು ಚಿನ್ನ. ಇದನ್ನು ಯಾರೂ ಹೇಳೋದಿಲ್ಲ ಅನ್ನೋದು ನನ್ನ ದೂರು.

ಹಗ್ಗದಂಚು
ವ್ಯತ್ಯಾಸ ಒಂದಿದೆ, ಆಡಮ್ಸ್ 2017ರಲ್ಲಿ ವೃತ್ತಿಪರರಾದರು. ಮ್ಯಾಲಿನ್ ಕೊನೆವರೆಗೂ ಅಮೆಚೂರ್.

ಮೂರನೇ_ರೌಂಡ್
ರಿಂಗ್ ಬಿಟ್ಟ ಮೇಲೆ ಏನು ಮಾಡಿದರು?

ಹಳೇಪೇಪರ್
ಚುಟುಕಾಗಿ: 1936ರ ಬರ್ಲಿನ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಬ್ರಿಟನ್ ಬಾಕ್ಸಿಂಗ್ ತಂಡದ ಮ್ಯಾನೇಜರ್. ನಡುವೆ 1937ರ ಫೆಬ್ರವರಿಯಲ್ಲಿ ಬಿಬಿಸಿ ಟೆಲಿವಿಷನ್‌ಗೆ ಅಲೆಕ್ಸಾಂಡ್ರಾ ಪ್ಯಾಲೇಸ್‌ನಿಂದ ಇಂಗ್ಲೆಂಡ್-ಐರ್ಲೆಂಡ್ ಅಮೆಚೂರ್ ಬೌಟ್‌ಗಳ ವೀಕ್ಷಕ ವಿವರಣೆ. ಟಿವಿಯ ಮೊದಲ ಕ್ರೀಡಾ ವಿವರಣೆಕಾರ ಅಂತ ಅವರನ್ನು ಗುರುತಿಸೋದು ಇದಕ್ಕೇ.

ಅವರು ಬೆಳೆದ ಕ್ಲಬ್ಬಿನ ಹೆಸರೂ ಇರಲಿ: ಪೂರ್ವ ಲಂಡನ್ನಿನ ಹ್ಯಾಕ್ನಿ ವಿಕ್‌ನ ಈಟನ್ ಮ್ಯಾನರ್. ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳು ಬಡ ಹುಡುಗರಿಗಾಗಿ ನಡೆಸಿದ ಕ್ಲಬ್. ಅದರ ಆಟದ ಮೈದಾನ ಇದ್ದ ಜಾಗವೇ 2012ರಲ್ಲಿ ಪ್ಯಾರಾಲಿಂಪಿಕ್ಸ್‌ನ ಗಾಲಿಕುರ್ಚಿ ಟೆನಿಸ್ ಅಂಗಳವಾಯಿತು.

ಅಂಕಪಟ್ಟಿ
ಎಲ್ಲ ಸೇರಿಸಿ ತಿದ್ದಿದ ಸಾಲು ಇದು:

“300ಕ್ಕೂ ಹೆಚ್ಚು ಬೌಟ್‌ಗಳಲ್ಲಿ ಸೋಲು ಕಾಣದವರೆಂಬ ಖ್ಯಾತಿ. 1924ರ ಕ್ವಾರ್ಟರ್‌ಫೈನಲ್‌ನಲ್ಲಿ ಮೊದಲು ಬ್ರೂಸ್ 2-1ರಿಂದ ವಿಜಯಿ ಎಂದು ಘೋಷಿಸಲಾಯಿತು. ಸ್ವೀಡನ್ನಿನ ಅಧಿಕಾರಿ ಸೋಡರ್‌ಲುಂಡ್ ಅವರ ದೂರಿನ ಮೇಲೆ ಮರುದಿನ ಜ್ಯೂರಿ ಬ್ರೂಸ್‌ರನ್ನು ಅನರ್ಹಗೊಳಿಸಿತು.”

ಹುಬ್ಬಳ್ಳಿ_ರಿಂಗ್‌ಸೈಡ್
ಗಯಾರ್ಡೊ ಹೆಸರು ಬಿಟ್ರೆಲ್ರೀ. ಮೊದಲು ಕಚ್ಚಿಸಿಕೊಂಡವ ಅವನ. ಮ್ಯಾಲಿನ್‌ಗರೆ ಚಿನ್ನ ಸಿಕ್ತು, ಅವನಿಗೇನು ಸಿಕ್ತು? ಒಂದು ಸಾಲರೆ ಇರ್ಲಿ.

ಅಂಕಪಟ್ಟಿ
ಸೇರಿಸಿದೆ.